ಹೂಜಿ ಗಿಡಕ್ಕೆ ಮೂರು ಪುಸ್ತಕ

ಟಿ. ನರಸೀಪುರದಲ್ಲಿರುವ ಅಕ್ಕ ಫೋನ್ ಮಾಡಿ, ಒಂದು ಒಳ್ಳೆಯ ಪುಸ್ತಕ ತಂದುಕೊಡು ಎಂದಾಗ ನನಗೆ ನಗು ಬಂತು. ಲಗ್ನಪತ್ರಿಕೆ ಬಿಟ್ಟು ಬೇರೇನನ್ನೂ ಓದಿದವಳಲ್ಲ ಅವಳು. ವಿಷಯ ತಿಳಿದ ಮೇಲೆ ನಗು ನಿಂತಿತು. ಹೋದ ವರ್ಷ ತೀರಿಕೊಂಡ ಭಾವ ಜಗಲಿಯಲ್ಲಿ ಒಂದು ಹೂಜಿ ಗಿಡ ಸಾಕಿದ್ದರು. ಎಲೆಯ ತುದಿಗೆ ಪುಟ್ಟ ಹೂಜಿ ಬಿಟ್ಟು ನೊಣ ನುಂಗುವ ಗಿಡ. ಅದು ಕಪ್ಪಾಗುತ್ತಿತ್ತು.

"ಅವ್ರು ಆಸೆಪಟ್ಟು ತಂದಿದ್ದು ಇದೊಂದೇಯ ಕಣಮ್ಮಿ. ನೀನು ಓದ್ದೋಳು, ಯಾವ್ ಪುಸ್ತಕ ನಂಬ್ಬೋದು ಅಂತ ನೋಡು" ಎಂದಳು.

ಓದಿದವಳು ನಿಜ. ನಂಜನಗೂಡಿನ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ವರ್ಷ ಬೋರ್ಡಿನ ಮೇಲೆ ಹೂಜಿ ಗಿಡ ಬರೆದು ಭಾಗ ಗುರುತಿಸುತ್ತೇನೆ. ಅದನ್ನು ಬದುಕಿಸುವುದು ಹೇಗೆಂದು ಮಾತ್ರ ಯಾರೂ ಕೇಳಿರಲಿಲ್ಲ.

ಮೈಸೂರಿನಿಂದ ಎರಡು ಪುಸ್ತಕ ತಂದೆ, ಇನ್ನೊಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಓದುತ್ತಾ ಓದುತ್ತಾ ತಲೆ ಕೆಟ್ಟುಹೋಯಿತು. ದಪ್ಪನೆಯ ಇಂಗ್ಲಿಷ್ ಪುಸ್ತಕ ಚಳಿಗಾಲದಲ್ಲಿ ಗಿಡವನ್ನು ಫ್ರಿಜ್ಜಿನಲ್ಲಿಡಿ ಎಂದಿತು. ಗಾಬರಿಯಾಗಿ ಪುಟ ತಿರುವಿದರೆ ಅದು ಬೇರೆ ಜಾತಿಯ ಗಿಡಕ್ಕಂತೆ. ಯಾವ ಮಾತು ನಮ್ಮ ಗಿಡಕ್ಕೆ, ಯಾವುದು ಅಲ್ಲ ಎಂಬುದೇ ತಿಳಿಯಲಿಲ್ಲ. ಕನ್ನಡದ ಕೈತೋಟದ ಪುಸ್ತಕವೋ, ಕುಂಡದ ಗಿಡಗಳಿಗೆಲ್ಲ ತಿಂಗಳಿಗೊಮ್ಮೆ ಸಗಣಿ ಗೊಬ್ಬರ ಹಾಕಿ ಎಂದು ಒಂದೇ ಮಾತಿನಲ್ಲಿ ಮುಗಿಸಿತ್ತು. ಆನ್‌ಲೈನಿನಲ್ಲಿ ತರಿಸಿದ್ದೂ ಇಂಗ್ಲಿಷಿನದೇ, ಅದರಲ್ಲಿ ಬಣ್ಣದ ಚಿತ್ರವೇ ಇರಲಿಲ್ಲ. ತನ್ನ ಕೈಯಲ್ಲಿ ಯಾವ ಗಿಡ ಏಕೆ ಸತ್ತಿತೆಂದು ಬರೆದವನು ಒಂದೊಂದಾಗಿ ಹೇಳಿಕೊಂಡಿದ್ದ. ಗೊಬ್ಬರ ಹಾಕಿದರೆ ಹೂಜಿ ಗಿಡದ ಬೇರು ಸುಡುತ್ತದೆ, ಮಳೆ ನೀರೊಂದೇ ಸಾಕು ಎಂದಿದ್ದ. ಗಿಡ ಕೊಂದೆನೆಂದು ಒಪ್ಪಿಕೊಂಡವನನ್ನು ನಂಬಬೇಕೋ, ಒಂದು ಎಲೆಯನ್ನೂ ಒಣಗಿಸದವರನ್ನೋ? ಮನಸ್ಸು ಕೊಂದವನ ಕಡೆಗೇ ವಾಲಿತು. ಆದರೂ ಧೈರ್ಯ ಸಾಲದೆ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಜಗಲಿಯಲ್ಲಿ ಕುಂಡ ನೋಡಿದೆ. ಮೇಲೆಲ್ಲ ಕೊಟ್ಟಿಗೆ ಗೊಬ್ಬರ, ಅಂಚಿನಲ್ಲಿ ಅಕ್ಕಿ ತೊಳೆದ ನೀರಿನ ಬಿಳಿ ಕಲೆ. ಗಿಡ ಸೊರಗಿದರೆ ನಮ್ಮ ಮನೆಗಳಲ್ಲಿ ಮಾಡುವುದೇ ಇದನ್ನು. ಇನ್ನೂ ಸೊರಗಿದರೆ ಇನ್ನೊಂದು ಬೊಗಸೆ. ಸರಿಯಾದ ಪುಸ್ತಕ ಕೊಟ್ಟರೆ, ಭಾವನ ಗಿಡ ಹಾಳು ಮಾಡಿದವಳು ನೀನೇ ಎಂದು ಅಕ್ಕನಿಗೆ ಹೇಳಿದಂತೆ. ತಪ್ಪು ಪುಸ್ತಕ ಕೊಟ್ಟರೆ ಅಕ್ಕ ನೆಮ್ಮದಿಯಾಗಿರುತ್ತಾಳೆ, ಗಿಡ ಸಾಯುತ್ತದೆ. ಅತ್ತ ದರಿ ಇತ್ತ ಪುಲಿ.

"ಯಾವ್ದು ಸರಿ ಅಂತ ಏಳು" ಎಂದಳು ಅಕ್ಕ.

ಪುಸ್ತಕಗಳನ್ನು ಅದಲುಬದಲು ಮಾಡುತ್ತಾ ಬಹಳ ಹೊತ್ತು ಕುಳಿತೆ. ಕೊನೆಗೆ ಚಿತ್ರವಿಲ್ಲದ್ದನ್ನು ತೆರೆದು, ಗೊಬ್ಬರದ ವಿಷಯ ಬರುವ ಸಾಲುಗಳನ್ನು ಕನ್ನಡದಲ್ಲಿ ಹೇಳಿದೆ.

ಅಕ್ಕ ಬೆರಳಿನಿಂದ ಗೊಬ್ಬರವನ್ನು ಕೆದಕಿ ತೆಗೆಯತೊಡಗಿದಳು.

"ಅವ್ರು ಇದ್ಕೆ ಏನೂ ಆಕ್ತಿರ್ನಿಲ್ಲ. ಸೋಮಾರಿ ಅಂತ ಬಯ್ತಿದ್ದೆ" ಎಂದಳು. "ಈ ಬಾಗ್ಲಿಗೆ ಬಂದೋರ್ನ ಒಬ್ರುನ್ನೂ ಉಣ್ಣಕಿಕ್ದೆ ಕಳಿಸ್ನಿಲ್ಲ ನಾನು. ಇದೊಂದ್ನ ಉಪಾಸ ಕೆಡವ್ಬೇಕಾಗಿತ್ತು ಅಂತ ನಂಗೆಂಗಮ್ಮಿ ಗೊತ್ತಾಗ್ಬೇಕು?"