ಅನುಮೋದಕರ ಸಹಿ

ಆ ಚಳಿಗಾಲದಲ್ಲಿ ದಿಲ್ಲಿಯ ದ್ವಾರಕಾದ ನಮ್ಮ ವಸತಿ ಸೊಸೈಟಿಯ ಲಿಫ್ಟಿನಲ್ಲಿ ಸಿಕ್ಕವರೆಲ್ಲ ಅಪ್ಪನನ್ನು ಕೇಳುತ್ತಿದ್ದುದು ಒಂದೇ: ದುಡ್ಡು ಬಂತೇ? ನಿವೃತ್ತಿಯಾದಾಗ ಸಿಕ್ಕಿದ್ದರಲ್ಲಿ ಬಹುಪಾಲನ್ನು ಅವರು ದಿಲ್ಲಿಯ ಕನ್ನಡಿಗರೇ ಸೇರಿ ಕಟ್ಟಿದ್ದ ಸಣ್ಣ ಸಹಕಾರಿ ಬ್ಯಾಂಕಿನಲ್ಲಿಟ್ಟಿದ್ದರು. ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿದ್ದ ದಿನಗಳಿಂದಲೂ ಅದರ ಷೇರುದಾರರು. ನಿರ್ದೇಶಕರು ತಮ್ಮ ನೆಂಟರಿಗೆ ಕೊಟ್ಟ ಸಾಲಗಳು ಮುಳುಗಿ, ಠೇವಣಿ ವಾಪಸು ಕೊಡುವುದು ನಿಂತಿತ್ತು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ರೂಢಿಯಾಗಿದ್ದ ನನಗೆ ಇದು ಸುಲಭದ ವಿಷಯವೆನಿಸಿತು. ನಷ್ಟವನ್ನು ನಿರ್ದೇಶಕರ ಸ್ವಂತ ಆಸ್ತಿಯಿಂದಲೇ ವಸೂಲು ಮಾಡಬೇಕೆಂದು ಸಹಕಾರ ಇಲಾಖೆಗೆ ನಾಲ್ಕು ಪುಟಗಳ ದೂರು ಬರೆದೆ. ಸದಸ್ಯರ ಸಹಿ ಬೇಕಿತ್ತು. ಅಪ್ಪ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ನಾಳೆ ನೋಡೋಣ ಎಂದರು. ಆ ನಾಳೆ ಬರಲೇ ಇಲ್ಲ. ನಿರ್ದೇಶಕರ ಮೇಲಿನ ದಾಕ್ಷಿಣ್ಯವೆಂದು ತೀರ್ಮಾನಿಸಿ ನಾನು ಊಟಕ್ಕೆ ಕೂತಾಗಲೆಲ್ಲ ವಾದ ಹೂಡಿದೆ.

"ರೀ, ಇಲ್ಲಿ ಜಡ್ಜ್ ಯಾರೂ ಇಲ್ಲ ಅಂತ ಅವಳಿಗೆ ಹೇಳಿ. ಸಾರು ತಣ್ಣಗಾಗ್ತಿದೆ," ಎನ್ನುತ್ತಿದ್ದಳು ಅಮ್ಮ.

ಕೊನೆಗೆ ಒಂದು ಭಾನುವಾರ ಬ್ಯಾಂಕಿನವರು ಸದಸ್ಯರ ವಿಶೇಷ ಸಭೆ ಕರೆದರು. ನಾನೂ ಅಪ್ಪನ ಜೊತೆ ಹೋದೆ. ವೇದಿಕೆಯ ಮೇಲಿದ್ದ ಹಿರಿಯ ನಿರ್ದೇಶಕರು ನನ್ನ ಮಾತನ್ನು ತಾಳ್ಮೆಯಿಂದಲೇ ಕೇಳಿದರು.

"ನೋಡು ಬೇಟಾ, ನಾವ್ಯಾರೂ ಸಂಬಳ ತಗೊಂಡವರಲ್ಲ. ಸೇವೆ ಅಂತ ಮಾಡಿದ್ವಿ."

"ಅಂಕಲ್, ಸಂಬಳ ಇಲ್ಲದ ಡ್ರೈವರ್ ಗುದ್ದಿದ್ರೆ ಕಾಲು ಮುರಿಯಲ್ವಾ?"

ಸಭೆ ನಕ್ಕಿತು. ಗೆದ್ದೆ ಅಂದುಕೊಂಡೆ. ಅವರು ಮಾತ್ರ ನಗದೆ, ನಡಾವಳಿ ಪುಸ್ತಕ ತೆರೆದು ಓದತೊಡಗಿದರು. ವರ್ಷ ವರ್ಷವೂ ಬ್ಯಾಂಕಿನ ವಾರ್ಷಿಕ ವರದಿಗೆ ಸರ್ವಾನುಮತದ ಒಪ್ಪಿಗೆ. ಸೂಚಕರು ಬದಲಾಗುತ್ತಿದ್ದರು. ಅನುಮೋದಕರು ಮಾತ್ರ ಹನ್ನೊಂದು ವರ್ಷವೂ ಒಬ್ಬರೇ, ನನ್ನ ಅಪ್ಪ.

ಪೆನ್ನಿನ ಮುಚ್ಚಳದ ಅರ್ಥ ಆಗ ಆಯಿತು. ಆ ವಾರ್ಷಿಕ ಸಭೆಗಳು ನನಗೂ ನೆನಪಿವೆ. ಹಿಂದಿನ ಕೋಣೆಯಿಂದ ಬಿಸಿಬೇಳೆಬಾತಿನ ಘಮ, ಬೀಸಣಿಗೆಯಾದ ವರದಿಯ ಪ್ರತಿಗಳು. ಸದಾ ಮುಂದಿನ ಸಾಲಿನಲ್ಲಿ ಕೂರುವ ಅಪ್ಪನಿಗೆ, ಅನುಮೋದಿಸುತ್ತೇನೆ ಎಂದು ಕೈಯೆತ್ತುವ ಕೆಲಸ. ಬೇಗ ಎತ್ತಪ್ಪ, ಹಸಿವಾಗ್ತಿದೆ ಎಂದು ಪಕ್ಕದಲ್ಲಿ ಕೂತು ಅವರ ತೋಳು ಜಗ್ಗಿದವಳು ನಾನೇ.

ಎಲ್ಲರೂ ತಿರುಗಿ ನೋಡುತ್ತಿದ್ದರು. ಅಪ್ಪ ಎದ್ದು ನಿಂತರು.

"ಹೌದು, ಓದದೇ ಕೈಯೆತ್ತಿದೆ. ಇವತ್ತಿನ ನಡಾವಳಿಯಲ್ಲಿ ಅದನ್ನೂ ಬರ್ಕೊಳ್ಳಿ. ಈಗ ಹನ್ನೊಂದು ವರ್ಷದ ವರದಿನೂ ಓದಿದೀನಿ, ಎರಡೆರಡು ಸಲ. ನಿಮ್ಮ ನೆಂಟರ ಸಾಲದ ಪಟ್ಟಿ ಅದರಲ್ಲಿ ಎಲ್ಲಿತ್ತು ಸಾರ್?"

ನಿರ್ದೇಶಕರು ಒಂದೆರಡು ಹಾಳೆ ಮಗುಚಿದರು. "ಅದನ್ನೆಲ್ಲ ವರದಿಯಲ್ಲಿ ಹಾಕಲ್ಲ. ಅದು ಬೋರ್ಡಿಗೆ ಬಿಟ್ಟ ವಿಷಯ."

"ಅಚ್ಛಾ. ನಮಗೆ ತೋರಿಸದೇ ಇದ್ದದ್ದನ್ನ ನಾನು ಅನುಮೋದಿಸಿದ್ದು ಹೇಗೆ?"

ನಿರ್ದೇಶಕರು ನಡಾವಳಿ ಪುಸ್ತಕ ಮುಚ್ಚಿದರು. ನಾನು ಬರೆದ ನಾಲ್ಕು ಪುಟಗಳಲ್ಲಿ ಈ ಪ್ರಶ್ನೆ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಹಣ ಇನ್ನೂ ಬಂದಿಲ್ಲ, ವಿಚಾರಣೆ ನಡೆಯುತ್ತಿದೆ. ಅಂದು ಸಭೆಯಲ್ಲೇ ಅಪ್ಪ ದೂರಿನ ಕೆಳಗೆ ಮೊದಲ ಸಹಿ ಹಾಕಿ, ಅದರಡಿಯಲ್ಲಿ ಕಚೇರಿಯ ದುಂಡನೆಯ ಅಕ್ಷರದಲ್ಲಿ 'ಹನ್ನೊಂದು ವರ್ಷ ಅನುಮೋದಕ' ಎಂದೂ ಬರೆದರು. ಅದು ನಮ್ಮ ಪಕ್ಷಕ್ಕೆ ಪೆಟ್ಟು ಎಂದು ನಾನು ಪಿಸುಗುಟ್ಟುವಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಪೆನ್ನಿಗೆ ಕೈಚಾಚಿದರು. ಅವರೂ ಒಮ್ಮೆ ಸೂಚಕರಾಗಿದ್ದರಂತೆ.