ಶಾಲೆಗೆ ನಾವು ಹಾಕಿದ ಬೀಗ

ಒಂದು ಬೀಗ ತೆಗೆಯಬೇಕೋ ಬೇಡವೋ ಎಂದು ಹನ್ನೊಂದು ಜನ ಕೂತು ಮೀಟಿಂಗ್ ಮಾಡಿದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ಹೋದ ತಿಂಗಳು ನೋಡಿದೆ. ನೋಡಿದ್ದೇನು ಬಂತು, ಆ ಹನ್ನೊಂದರಲ್ಲಿ ನಾನೂ ಒಬ್ಬಳು.

ಮೂಡುಬಿದಿರೆಯಲ್ಲಿ ನಾನು ಓದಿದ ಶಾಲೆಗೆ ಹೊಸ ಕಟ್ಟಡ ಆಗುತ್ತಿದೆ. ಪತ್ರಿಕೆಗೆ ಬರೆಯುವವಳು ಎಂಬ ಕಾರಣಕ್ಕೆ ನನ್ನನ್ನೂ ಕಟ್ಟಡ ಸಮಿತಿಗೆ ಸೇರಿಸಿಕೊಂಡಿದ್ದಾರೆ. (ಸಿಮೆಂಟಿನ ಬಗ್ಗೆ ನನಗೆ ಗೊತ್ತಿರುವುದು ಅದು ಚೀಲದಲ್ಲಿ ಬರುತ್ತದೆ ಎಂಬುದಷ್ಟೆ.) ಹೊಸದರ ಪಕ್ಕದಲ್ಲೇ ಹಳೆಯ ಹಂಚಿನ ಕಟ್ಟಡ. ಮುರಕಲ್ಲಿನ ದಪ್ಪ ಗೋಡೆ, ಹಲಸಿನ ಮರದ ಕಂಬಗಳು. ಅದನ್ನು ಕೆಡವಿ ಪಾರ್ಕಿಂಗ್ ಮಾಡುವ ಪ್ಲಾನ್ ಇತ್ತು. ಹಳೆ ವಿದ್ಯಾರ್ಥಿಗಳಾದ ನಾವು ಗಲಾಟೆ ಮಾಡಿ ತಪ್ಪಿಸಿದೆವು. ಬಂಟ್ವಾಳದಿಂದ ಬಂದ ಇಂಜಿನಿಯರ್ ಕೂಡ ಕಟ್ಟಡ ಗಟ್ಟಿ ಉಂಟು, ಧಾರಾಳ ಬಳಸಬಹುದು ಎಂದರು.

ಅಲ್ಲಿಗೆ ಸುಮ್ಮನಿರಬೇಕಿತ್ತು. ನಮ್ಮ ಪ್ರೀತಿ ಉಕ್ಕಿತು ನೋಡಿ. ಸಮಿತಿಯ ಅಧ್ಯಕ್ಷರು ಹಮೀದ್ ಹಾಜಿ, ದುಬೈಯಲ್ಲಿ ಅಂಗಡಿ ನಡೆಸಿ ಊರಿಗೆ ಮರಳಿದವರು. ಅವರೂ ಅಲ್ಲೇ ಓದಿದವರು. ಮಕ್ಕಳು ಗೋಡೆಗೆ ಗೀಚುತ್ತಾರೆ, ಕಂಬ ಕೆತ್ತುತ್ತಾರೆ, ಇನ್ನು ಅಲ್ಲಿ ಕ್ಲಾಸು ಬೇಡ ಎಂದರು. ನಾವೆಲ್ಲ ತಲೆಯಾಡಿಸಿದೆವು. ಬಾಗಿಲಿಗೆ ದೊಡ್ಡ ಬೀಗ ಬಿತ್ತು. ಗೋಡೆಗೆ ‘ಪಾರಂಪರಿಕ ಕಟ್ಟಡ, ಒಳಗೆ ಪ್ರವೇಶವಿಲ್ಲ’ ಎಂಬ ಬೋರ್ಡು. ಒಂದನೇ ಕ್ಲಾಸಿನ ಮಕ್ಕಳು ಅಂಗಳದ ತಗಡಿನ ಶೆಡ್ಡಿಗೆ ಹೋದರು. ಹೊಸ ಕಟ್ಟಡ ಮುಗಿಯುವವರೆಗೆ ತಾನೇ?

ಹೊಸ ಕಟ್ಟಡ ಮುಗಿಯಲಿಲ್ಲ, ಮಳೆ ಬಂತು. ತಗಡಿನ ಮೇಲೆ ನಮ್ಮೂರ ಮಳೆ ಬಿದ್ದರೆ ಟೀಚರ್ ಹೇಳಿದ್ದು ಮೊದಲ ಬೆಂಚಿಗೂ ಕೇಳುವುದಿಲ್ಲ. ಪಕ್ಕದಲ್ಲಿ ಕಾಂಕ್ರೀಟ್ ಮಿಕ್ಸರ್ ಬೇರೆ. ಅಕ್ಷರ ಕಲಿಯಬೇಕಾದ ಮಕ್ಕಳು ಕಿವಿ ಮುಚ್ಚಿಕೊಂಡು ಕೂತಿದ್ದವು. ಹೆಡ್ ಟೀಚರ್ ಜಯಂತಿಯವರು ಹಳೆ ಕಟ್ಟಡದ ಕೀ ಕೇಳಿದರು, ಹಾಜಿಯವರು ಕೊಡಲಿಲ್ಲ. ಅದಕ್ಕೇ ಆ ಮೀಟಿಂಗ್.

ಮೊದಲು ಒಮ್ಮೆ ಒಳಗೆ ನೋಡುವ ಎಂದರು ಟೀಚರ್. ಬೀಗ ತೆಗೆದದ್ದೇ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಗೆದ್ದಲಿನ ಮಣ್ಣಿನ ಗೆರೆ ನೆಲದಿಂದ ಹೊರಟು ಒಂದು ಕಂಬದ ಅರ್ಧಕ್ಕೆ ಏರಿತ್ತು. ದಿನಾ ಗುಡಿಸಿ, ಕಿಟಕಿ ತೆಗೆದು, ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಿ ಒಡೆದದ್ದು ಬದಲಿಸುತ್ತಿದ್ದ ಕಟ್ಟಡ ಅದು. ಈ ವರ್ಷ ಹಂಚು ಮುಟ್ಟಿದವರೇ ಇಲ್ಲ. (ಹೆರಿಟೇಜ್ ಅಲ್ಲವೇ, ಮುಟ್ಟಬಾರದು!) ನನಗೆ ನಮ್ಮ ಮೇಲೆಯೇ ಸಿಟ್ಟು ಬಂತು.

ಹಾಜಿಯವರು ಆ ಮಣ್ಣು ಕೆರೆದು ನೋಡಿದರು. ಪುಣ್ಯಕ್ಕೆ ಒಳಗಿನ ಮರ ಗಟ್ಟಿ ಇತ್ತು. “ಇದು ಉಳಿಯಲಿ ಅಂತಲೇ ನಾನು ಮಾಡಿದ್ದು ಟೀಚರ್” ಎಂದರು. ಸ್ವರ ಸಣ್ಣಗಾಗಿತ್ತು.

ಟೀಚರ್ ಬೈಯಲಿಲ್ಲ. “ಗೊತ್ತುಂಟು ಹಾಜಿಯವರೇ. ಆದ್ರೆ ನಮ್ಮ ಬಸದಿಗಳು ಇಷ್ಟು ಕಾಲ ಉಳಿದದ್ದು ದಿನಾ ಬಾಗಿಲು ತೆಗೆದು ದೀಪ ಇಟ್ಟದ್ದಕ್ಕೆ ಅಲ್ವಾ? ನೀವು ನಮಾಜಿಗೆ ಹೋಗುವ ಪಳ್ಳಿಯೂ ಹಾಗೆಯೇ. ಶಾಲೆಗೆ ಮಕ್ಕಳು ಬರ್ಬೇಕು, ಅಷ್ಟೆ.”

ಹಾಜಿಯವರು ಕೀಯನ್ನು ಅವರ ಕೈಗೆ ಕೊಟ್ಟರು. ಗೆದ್ದಲಿಗೆ ಮದ್ದು ಹೊಡೆಸಿ, ಮಳೆ ಬಿಟ್ಟ ದಿನ ನೋಡಿ ಒಡೆದ ಹಂಚು ಬದಲಿಸಿದರು. ಮೊನ್ನೆ ನಾನು ಹೋದಾಗ ಒಂದನೇ ಕ್ಲಾಸು ಹಳೆ ಕಟ್ಟಡದಲ್ಲಿ ಕೂತು ಅ ಆ ಇ ಈ ಹೇಳುತ್ತಿತ್ತು. ಹೊರಗೆ ಧೋ ಎಂದು ಮಳೆ ಸುರಿಯುತ್ತಿದ್ದರೂ ಜಗಲಿಯಲ್ಲಿ ನಿಂತವರಿಗೆ ಒಂದೊಂದು ಅಕ್ಷರವೂ ಕೇಳುತ್ತಿತ್ತು.

ಕೆಡವುವವರಿಂದ ಶಾಲೆಯನ್ನು ನಾವು ಕಾಪಾಡಿದೆವು ಸರಿ, ಕಾಪಾಡಲು ಹೊರಟ ನಮ್ಮಿಂದ ಅದನ್ನು ಕಾಪಾಡುವವರು ಎಲ್ಲ ಊರಲ್ಲೂ ಇರುತ್ತಾರಾ?