ಮುಚ್ಚಳಕ್ಕೆ ತೂಗುಬಿಟ್ಟ ಹನಿಗಳು

ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವವನು ನಾನು. ಐವತ್ತರ ಹತ್ತಿರ ಬಂದರೂ ಆ ಚಾಳಿ ಬಿಟ್ಟಿಲ್ಲ. ತಾರ್ನಾಕದ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ಅದು ಇನ್ನೂ ಹರೆಯದಲ್ಲಿತ್ತು.

ನನ್ನ ಕೆಲಸ ಇಲಿಯ ಲಿವರ್ ಜೀವಕೋಶಗಳನ್ನು ದೇಹದ ಹೊರಗೆ ಸಾಕುವುದು. ಸಾಕುವುದಕ್ಕಿಂತ, ಅವು ತಮ್ಮ ಕಸುಬು ಮರೆಯದಂತೆ ನೋಡಿಕೊಳ್ಳುವುದು ಎನ್ನಬೇಕು. ಚಪ್ಪಟೆ ತಟ್ಟೆಯಲ್ಲಿ ಬಿಟ್ಟರೆ ದೋಸೆಯಂತೆ ಹರಡಿಕೊಂಡು, ಜೀವ ಇದ್ದೂ ಕೆಲವೇ ದಿನಗಳಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ತಯಾರಿಸುವುದನ್ನು ಕೈಬಿಡುತ್ತಿದ್ದವು. ಎಲ್ಲ ದಿಕ್ಕಿನಿಂದಲೂ ಒಂದಕ್ಕೊಂದು ತಾಗಿ ಉಂಡೆಯಾದರೆ ದೇಹದೊಳಗಿದ್ದಂತೆಯೇ ದುಡಿಯುತ್ತವೆಂದು ನಮ್ಮ ನಂಬಿಕೆ. ಅದಕ್ಕಾಗಿ ತಟ್ಟೆಯ ಮುಚ್ಚಳದ ಒಳಮೈಗೆ ಕೋಶಗಳ ಹನಿಗಳನ್ನಿಟ್ಟು, ಮೆಲ್ಲಗೆ ಮಗುಚಿ, ಇನ್‌ಕ್ಯುಬೇಟರ್ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಡುತ್ತಿದ್ದೆ. ಅವು ಹನಿಯ ತುದಿಗಿಳಿದು ತಾವೇ ಕೂಡಿಕೊಳ್ಳಬೇಕು.

ಎರಡು ಸಲ ಕೂಡಿಕೊಳ್ಳಲಿಲ್ಲ. ಧಾರವಾಡದ ಕಡೆಯವರಾದ ನಮ್ಮ ಗೈಡ್, ಮೂರನೆಯದೂ ಹೀಗಾದರೆ ವಿಷಯವನ್ನೇ ಬದಲಿಸೋಣ ಎಂದರು. ಸಿಟ್ಟಿಲ್ಲದೆ ಹೇಳಿದ್ದಕ್ಕೇ ನನಗೆ ಹೆಚ್ಚು ಭಯವಾಯಿತು. ಮೂರು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತಿತ್ತು.

ಮೂರನೇ ಸಲ ಹನಿ ಇಟ್ಟ ದಿನ, ಚಹಾ ಕುಡಿದು ಬಂದವನು ತಟ್ಟೆಯನ್ನು ಮತ್ತೆ ಸೂಕ್ಷ್ಮದರ್ಶಕದಡಿ ಒಯ್ದೆ. ನಮ್ಮ ಹಿರಿಯ ಟೆಕ್ನೀಷಿಯನ್, ಕಲಬುರಗಿಯ ಅಕ್ಕ, ಹಿಂದೆಯೇ ನಿಂತಿದ್ದರು.

"ತಮ್ಮಾ, ಮುಂಜಾನಿಂದ ಇದು ಎಷ್ಟನೇ ಸಲ?"

ಸುಮ್ಮನೆ ನೋಡುತ್ತಿದ್ದೇನೆ ಅಂದೆ.

"ನೀ ನೋಡಾಕತ್ತಿಲ್ಲ, ಅಲ್ಲಾಡಿಸಾಕತ್ತಿ. ಹೆಪ್ಪು ಹಾಕಿದ ಹಾಲು ತಾಸಿಗೊಮ್ಮೆ ಎತ್ತಿ ನೋಡಿದ್ರ ಮೊಸರಾಗ್ತೈತೇನು?"

ಎರಡು ಹನಿಗಳು ಸೇರಿ ಹರಿದದ್ದನ್ನು ಬೆರಳಿಟ್ಟು ತೋರಿಸಿದರು. ಹಿಂದೆಯೂ ಹೀಗೇ ಆಗಿತ್ತು. ನಾನು ಮಾತ್ರ ಇನ್‌ಕ್ಯುಬೇಟರ್ ಕೆಟ್ಟಿದೆಯೆಂದು ರಿಪೇರಿಯವನನ್ನು ಕರೆಸಿದ್ದೆ.

ಮೂಲೆಯ ಆ ಹಳೇ ಇನ್‌ಕ್ಯುಬೇಟರಿನಲ್ಲಿ ನನ್ನ ತಟ್ಟೆಗಳಷ್ಟೇ ಇದ್ದವು. ಅಕ್ಕ ಅದರ ಬಾಗಿಲಿಗೆ ಟೇಪು ಅಂಟಿಸಿ, ಮೇಲೆ ತಮ್ಮ ಸಹಿ ಹಾಕಿ, ಮೂರು ದಿನ ಈ ಕಡೆ ಸುಳಿಯಬೇಡವೆಂದರು. ಅದೇ ನಗರದ ಕೂಕಟ್‌ಪಲ್ಲಿಯ ಚಿಕ್ಕಮ್ಮನ ಮನೆಗೆ ಹೋದವನು, ಬಿಸಿ ರೊಟ್ಟಿ ಮುಂದಿಟ್ಟುಕೊಂಡು, ಲ್ಯಾಬಿನಲ್ಲಿ ಕರೆಂಟು ಹೋಗಿದೆಯೇ ಎಂದು ಅಕ್ಕನಿಗೆ ಫೋನು ಮಾಡಿ ಬೈಸಿಕೊಂಡೆ. ಈಗಿನ ಕೆಲವು ಇನ್‌ಕ್ಯುಬೇಟರುಗಳೊಳಗೆ ಕ್ಯಾಮೆರಾ ಇರುತ್ತದೆ. ಆಗ ಇದ್ದಿದ್ದರೆ ಆ ರೊಟ್ಟಿ ಆರಿಹೋಗುವವರೆಗೂ ಅದನ್ನೇ ನೋಡುತ್ತ ಕೂತಿರುತ್ತಿದ್ದೆ.

ನಾಲ್ಕನೇ ದಿನ ಅಕ್ಕ ಟೇಪು ಕಿತ್ತರು. ಉಳಿದ ಒಂದೊಂದು ಹನಿಯಲ್ಲೂ ಒಂದೊಂದು ಉಂಡೆ, ಸಾಸಿವೆಗಿಂತ ಸಣ್ಣದು, ಅಂಚು ನಯ. ಕಣ್ಣು ಮಂಜಾಯಿತು, ಲೆನ್ಸಿನ ಮೇಲೆ ಧೂಳಿದೆ ಅಂದೆ. ಅಕ್ಕ ನಂಬಿದಂತೆ ನಟಿಸಿದರು.

ಇನ್ನೊಂದು ವಾರಕ್ಕೆ ಅಲ್ಬುಮಿನ್ ಪರೀಕ್ಷೆ: ಅದು ಇದ್ದಲ್ಲಿ ಪರೀಕ್ಷೆಯ ತಟ್ಟೆಯ ಗುಳಿಗಳು ಹಳದಿಗೆ ತಿರುಗಬೇಕು. ಚಪ್ಪಟೆ ಕೋಶಗಳ ಸಾಲಿಗೆ ಬಣ್ಣವೇ ಇಲ್ಲ, ಉಂಡೆಗಳ ಸಾಲು ಅರಿಶಿನದ ನೀರಿನಂತೆ ಹಳದಿ. ಗೈಡ್ ಆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಆತು. ಇನ್ನ ಬರಿಯಾಕ ಕೂಡ್ರು."

ಕುಣಿಯಬೇಕಾದವನು, ಖಾತ್ರಿಗೆ ಇನ್ನೊಮ್ಮೆ ಮಾಡಿ ನೋಡಲೇ ಎಂದು ಕೇಳಿದೆ. ಅವರು ಕೈಯಲ್ಲಿದ್ದ ತಟ್ಟೆಯನ್ನು ನನಗೆ ಮರಳಿಸದೆ ಅಕ್ಕನಿಗೆ ಕೊಟ್ಟು ಹೊರಟರು.